ಬೂದಿಯ ಮೇಲೆ ಏನೂ ಮೂಡದಿರಲಿ

ಪಕ್ಕೀರಮ್ಮ ಬೀಗ ತೆಗೆಯುತ್ತಾರೆ, ಬಾಗಿಲು ಮಾತ್ರ ತಕ್ಷಣ ತೆಗೆಯುವುದಿಲ್ಲ. ಮೊದಲು ಅಂಗೈಯಿಂದ ಕದ ಬಡಿಯುತ್ತಾರೆ. ಒಳಗೆ ಯಾರೂ ಇಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಬಡಿದು, ಕಿವಿಗೊಟ್ಟು ನಿಲ್ಲುತ್ತಾರೆ. ಒಳಗೆಲ್ಲೋ ಒಂದು ಮೂಲೆಯಲ್ಲಿ ‘ಟಣ್’ ಎಂದು ಸಣ್ಣ ಸದ್ದಾಗುತ್ತದೆ. ಸ್ವಲ್ಪ ಬಿಟ್ಟು ಮತ್ತೊಂದು ಮೂಲೆಯಿಂದ ಅದಕ್ಕೆ ಉತ್ತರ ಕೊಟ್ಟಂತೆ ಇನ್ನೊಂದು. ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಪಕ್ಕೀರಮ್ಮ ತಿರುಗಿ ನೋಡಿ ನಗುತ್ತಾರೆ.

“ಹೆದರಬ್ಯಾಡ್ರಿ ಸರ. ಮುಂಜಾನಿ ತಂಪಿಗೆ ತಗಡು ಮೈ ಮುರಿತಾವು. ನಾ ಬಡಿಯೋದು ಇಲಿ ಓಡಿ ಹೋಗ್ಲಿ ಅಂತ. ನಾ ನೋಡೋಕಿನ್ನ ಮೊದಲ ಅವು ಓಡಾಡಿದ್ರ ನನ್ನ ಬೂದಿ ಕೆಡ್ತೈತಿ.”

ಕೊಟ್ಟೂರು ದಾಟಿ ಕೂಡ್ಲಿಗಿ ಕಡೆ ಹೊರಟರೆ, ಮನೆಗಳು ಮುಗಿದು ಹೊಲ ಶುರುವಾಗುವಲ್ಲಿ ಒಂದು ಹಳೇ ಶೇಂಗಾ ಮಿಲ್ಲು ಇದೆ. ಮಿಲ್ಲು ನಿಂತು ಎಷ್ಟೋ ಕಾಲವಾಯಿತು. ಈಗ ಅಲ್ಲಿರುವುದು ವಯಸ್ಸಾದ ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಗಳು. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಕಾರುಗಳು ಮುಪ್ಪಾದಾಗ, ಇಲ್ಲವೇ ಎಲ್ಲಾದರೂ ಗುದ್ದಿ ಮೂಲೆ ಸೇರಿದಾಗ, ಅವುಗಳ ಬ್ಯಾಟರಿ ಬಿಚ್ಚಿ ಇಲ್ಲಿಗೆ ತರುತ್ತಾರೆ. ಅಕ್ಕಪಕ್ಕದ ಹೊಲದವರು ಇದನ್ನು ‘ಸತ್ತ ಕಾರಿನ ಮನಿ’ ಎನ್ನುತ್ತಾರೆ. ಹೊತ್ತು ಮುಳುಗಿದ ಮೇಲೆ ಈ ಕಡೆ ಯಾರೂ ದನ ಹೊಡೆದುಕೊಂಡು ಬರುವುದಿಲ್ಲ. ಪಕ್ಕೀರಮ್ಮ ಈ ಮನೆಯ ಕಾವಲಿನವರು. ವಯಸ್ಸು ಐವತ್ತು ದಾಟಿದೆ. ಅವರ ಬಗ್ಗೆ ಲೇಖನ ಬರೆಯಲು ನಾನು ಬಂದಿದ್ದೇನೆ.

ಬಾಗಿಲು ತೆಗೆದ ಮೇಲೂ ಅವರು ಲೈಟು ಹಾಕುವುದಿಲ್ಲ. ಸ್ವಿಚ್ಚು ಇರುವುದೇ ಹೊರಗಡೆ, ಬೇವಿನ ಮರದ ಹತ್ತಿರ. ರಾತ್ರಿ ಯಾವುದಾದರೂ ಬ್ಯಾಟರಿ ಒಳಗೊಳಗೇ ಬೆಂದು ಗ್ಯಾಸು ಬಿಟ್ಟಿದ್ದರೆ ಒಳಗೆ ಬಲ್ಬಿನ ಒಂದು ಕಿಡಿ ಸಾಕು, ಮಿಲ್ಲಿನ ಮಾಡು ಹಾರಿಹೋಗುತ್ತದೆ. ಹಾಗಾಗಿ ಪೂರ್ವದ ಕಿಟಕಿಯಿಂದ ಬೆಳಕು ಬೀಳುವವರೆಗೆ ಹೊಸ್ತಿಲಲ್ಲೇ ನಿಂತು ಮೂಗು ಎತ್ತಿ ಗಾಳಿ ನೋಡುತ್ತಾರೆ. ಕತ್ತಲೆಯಲ್ಲಿ ಸಾಲುಸಾಲಾಗಿ ಏನೋ ಮಲಗಿರುವುದು ನನಗೆ ಕಾಣುತ್ತದೆ. ಏನು ಎಂದು ಗೊತ್ತಿದ್ದರೂ ಒಳಗೆ ಹೆಜ್ಜೆ ಇಡಲು ಮನಸ್ಸಾಗುವುದಿಲ್ಲ.

ಬಿಸಿಲು ಓರೆಯಾಗಿ ಒಳಗೆ ಬರುತ್ತದೆ. ಈಗ ಸ್ಪಷ್ಟವಾಗಿ ಕಾಣುತ್ತದೆ. ಕಾರಿನ ಬ್ಯಾಟರಿ ಬಿಚ್ಚಿದಾಗ ಸಿಗುವ ತಗಡಿನ ಡಬ್ಬಿಗಳು, ಪ್ರತಿಯೊಂದೂ ಎರಡು ಮರದ ಪಟ್ಟಿಯ ಮೇಲೆ, ನೆಲದಿಂದ ಒಂದೆರಡು ಬೆರಳು ಮೇಲಕ್ಕೆ. ಪ್ರತಿಯೊಂದರ ಕೆಳಗೂ ಜರಡಿ ಹಿಡಿದ ನುಣ್ಣನೆಯ ಬೂದಿ. ಪಕ್ಕೀರಮ್ಮ ಸೆರಗು ಸಿಕ್ಕಿಸಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಒಂದೊಂದೇ ಡಬ್ಬಿಯ ಕೆಳಗೆ ಕಣ್ಣು ಹಾಯಿಸುತ್ತಾರೆ.

ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಬೇಕು. ಮನೆಯಲ್ಲಿ ಸಾವಾದರೆ ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಡುತ್ತಾರೆ. ಮೂರನೇ ದಿನದ ಸಂಜೆ ಅಲ್ಲೇ ಬೂದಿ ಹರಡಿ, ಅದರ ಮೇಲೆ ಬುಟ್ಟಿ ಬೋರಲು ಹಾಕುತ್ತಾರೆ. ಬೆಳಗ್ಗೆ ಬುಟ್ಟಿ ಎತ್ತಿದರೆ ಬೂದಿಯಲ್ಲಿ ಗುರುತು ಮೂಡಿರಬೇಕು. ಹಕ್ಕಿಯ ಕಾಲೋ, ಕೂಸಿನ ಹೆಜ್ಜೆಯೋ, ಹಾವು ಹರಿದ ಗೆರೆಯೋ. ಹೋದವರು ಯಾವ ರೂಪದಲ್ಲಿ ಬಂದು ಹೋದರು ಎಂದು ತಿಳಿದವರು ನೋಡಿ ಹೇಳುತ್ತಾರೆ. ಪಕ್ಕೀರಮ್ಮನವರ ಓಣಿಯಲ್ಲಿ ಹಾಗೆ ನೋಡಿ ಹೇಳುವವರು ಪಕ್ಕೀರಮ್ಮನೇ. ಮೊದಲು ಅವರ ಅತ್ತೆ ಹೇಳುತ್ತಿದ್ದರು.

“ಶುರುವಿಗೆ ಇಲ್ಲಿ ಜ್ವಾಳದ ಹಿಟ್ಟು ಹಾಕಿದ್ದೆ. ಒಂದ ರಾತ್ರ್ಯಾಗ ಇಲಿಗೋಳು ಹಬ್ಬ ಮಾಡಿಬಿಟ್ವು. ಬೂದಿ ತಿನ್ನೋಕ ಯಾವ ಇಲಿ ಬಂದೀತು? ಈಗ ಬೂದಿನ. ಬ್ಯಾಟರಿ ಸೋರಿದ್ರ ಹನಿ ಬಿದ್ದ ಕಡೆ ಕರ್ರಗ ಕುಳಿ ಆಗ್ತೈತಿ. ವಯರು ಕಡಿಯೋ ಇಲಿ ಬಂದ್ರ ಕಾಲು ಮೂಡ್ತಾವು. ಸತ್ತೋರ ಮನ್ಯಾಗ ಏನಾರ ಮೂಡ್ಲಿ ಅಂತ ಬೂದಿ ಹಾಕ್ತಾರ. ಇಲ್ಲಿ ಏನೂ ಮೂಡದ ಇರ್ಲಿ ಅಂತ ಹಾಕ್ತೀನಿ.”

ಹೀಗೆ ಮಾತಾಡುತ್ತ ಒಂದು ಸಾಲು ಮುಗಿಸಿ ಎರಡನೇ ಸಾಲಿಗೆ ಬಂದವರು, ನಡುವಿನ ಒಂದು ಡಬ್ಬಿಯ ಹತ್ತಿರ ತಡೆಯುತ್ತಾರೆ. ಬಹಳ ಹೊತ್ತು ಬಗ್ಗಿಯೇ ಇರುತ್ತಾರೆ. ಆಮೇಲೆ ಏಳುವುದಿಲ್ಲ, ಅಲ್ಲೇ ಕೂತುಬಿಡುತ್ತಾರೆ. ನಾನೂ ಬಗ್ಗಿ ನೋಡುತ್ತೇನೆ. ಹನಿ ಇಲ್ಲ, ಇಲಿಯ ಕಾಲಿಲ್ಲ. ಬೂದಿಯಲ್ಲಿ ಎರಡು ಗುಂಡನೆಯ ತಗ್ಗುಗಳು, ಪಕ್ಕಪಕ್ಕದಲ್ಲಿ. ಯಾರೋ ಡಬ್ಬಿಯ ಕೆಳಗೆ ಮಂಡಿಯೂರಿ ಕೂತು ಎದ್ದು ಹೋದ ಹಾಗೆ. ಡಬ್ಬಿಯ ಕೆಳಗೆ ನನ್ನ ಕೈಯೇ ತೂರುವುದಿಲ್ಲ, ಯಾರು ಕೂರಲು ಸಾಧ್ಯ?

“ಹೊಟ್ಟಿ ಉಬ್ಬೈತಿ,” ಎನ್ನುತ್ತಾರೆ ಪಕ್ಕೀರಮ್ಮ. “ನಿನ್ನಿ ನೆಲ ಮುಟ್ಟಿದ್ದಿಲ್ಲ. ರಾತ್ರ್ಯಾಗ ಮುಟ್ಟಿ, ತಂಪಿಗೆ ಚೂರು ಮ್ಯಾಲ ಸರದೈತಿ. ಇದು ಓಬಳೇಶನ ಗಾಡಿದು.” ಬೂದಿಯಿಂದ ಕಣ್ಣು ತೆಗೆಯದೆ, “ಇದರ ಜೋಡಿದು ಒಂದು ಹೊರಗೈತ್ರಿ. ಅವರ ಮನ್ಯಾಗ. ನಾನ ಕೊಟ್ಟಿದ್ದು,” ಎನ್ನುತ್ತಾರೆ.

ಶೆಡ್ಡಿನ ಮಾಲೀಕ ಮೌನೇಶ್‌ಗೆ ಫೋನು ಹೋಗುತ್ತದೆ. ಅವರು ಊರೊಳಗಿಂದ ಗಾಡಿ ತರಬೇಕು. ಅಷ್ಟರೊಳಗೆ ಉಬ್ಬಿದ ಡಬ್ಬಿಯನ್ನು ನಾವಿಬ್ಬರೂ ಹಲಗೆಯ ಮೇಲೆ ಜಾರಿಸಿ, ಹೊರಗಿನ ಮರಳುಗುಂಡಿಗೆ ಇಳಿಸುತ್ತೇವೆ. ಕೆಟ್ಟ ಬ್ಯಾಟರಿಗಳನ್ನೆಲ್ಲ ಈ ಗುಂಡಿಯಲ್ಲಿ ಮರಳು ಮುಚ್ಚಿ ಇಡುತ್ತಾರೆ. ಅವನ್ನು ಒಡೆದು ಕರಗಿಸುವ ಕಾರ್ಖಾನೆಯವರ ಲಾರಿ ಬಂದಾಗ ಒಯ್ಯುತ್ತಾರೆ, ಆ ಲಾರಿ ಬರುವುದು ಅಪರೂಪ. ಗುಂಡಿಯ ಸುತ್ತ ಹುಲ್ಲು ಬೆಳೆದಿಲ್ಲ. ಗಾಡಿ ಬರುವವರೆಗೆ ಪಕ್ಕೀರಮ್ಮ ಬೇವಿನ ಕೆಳಗೆ ಕೂತು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದೇ ಮಿಲ್ಲಿನಲ್ಲಿ ಅವರು ಹುಡುಗಿಯಾಗಿದ್ದಾಗ ಶೇಂಗಾ ಆರಿಸುತ್ತಿದ್ದರು. ಮುಗ್ಗು ಹಿಡಿದ ಕಾಳನ್ನು ಚೀಲ ಬಿಚ್ಚುವ ಮೊದಲೇ ವಾಸನೆಯಲ್ಲಿ ಹೇಳುತ್ತಿದ್ದರಂತೆ. ಮಿಲ್ಲು ಮುಚ್ಚಿದ ಮೇಲೆ ಕೂಲಿ, ಕಳೆ ಕೀಳುವುದು, ಮದುವೆ ಮನೆಗಳಲ್ಲಿ ಪಾತ್ರೆ ತೊಳೆಯುವುದು. ಗಂಡ ಗಾರೆ ಕೆಲಸದವರು, ಸೊಂಟ ಬಿದ್ದು ಮನೆ ಹಿಡಿದರು. ಮೌನೇಶ್ ಇಲ್ಲಿ ಬ್ಯಾಟರಿ ತಂದು ಇಡಲು ಶುರು ಮಾಡಿದಾಗ ಕಸ ಹೊಡೆಯಲು ಒಬ್ಬರು ಬೇಕಾಗಿತ್ತು. ಹೆಸರು ಕೇಳಿಯೇ ಯಾರೂ ಬರಲಿಲ್ಲ. ಇವರು ಬಂದರು.

“ಮೊದಲ ತಿಂಗಳು ನಾನೂ ಹೆದರಿದ್ದೆ. ಎಲ್ಲಾನೂ ಸುಮ್ಮನ ಇರ್ತಾವು. ಎಂಜಿನ್ನಾದ್ರ ಕೆಟ್ಟರ ಕೆಟ್ಟಂಗ ಕಾಣ್ತೈತಿ, ಎಣ್ಣಿ ಕಾರ್ತೈತಿ, ಜಂಗು ಹಿಡಿತೈತಿ. ಇವು ನೋಡಾಕ ಹೊಸಾವು. ಜನ ಸತ್ತ ಬ್ಯಾಟರಿ ಅಂತಾರ. ಸತ್ತಿಲ್ರಿ, ಅದ ಕಷ್ಟ. ಸತ್ತಿದ್ರ ನಾ ಯಾಕ ಕಾಯಬೇಕಿತ್ತು?”

ವಯಸ್ಸಾದ ಬ್ಯಾಟರಿ ಎಂದರೇನು ಎಂದು ನನಗೆ ಸರಿಯಾಗಿ ತಿಳಿಸಿದ್ದು ಹರಪನಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವ ಅರುಣಕುಮಾರ್. ಅವರದು ಊರಿನ ಮೊದಮೊದಲ ಎಲೆಕ್ಟ್ರಿಕ್ ಕಾರುಗಳಲ್ಲಿ ಒಂದು. ತಂದ ಹೊಸದರಲ್ಲಿ ಹೊಸಪೇಟೆಗೆ ಹೋಗಿ, ಊಟ ಮಾಡಿ, ನಿಶ್ಚಿಂತೆಯಿಂದ ವಾಪಸ್ ಬರುತ್ತಿದ್ದರು. ಈಗ ಕೊಟ್ಟೂರು ತಲುಪುವಷ್ಟರಲ್ಲಿ ಕಣ್ಣೆಲ್ಲ ಮೀಟರಿನ ಮೇಲೆ. ಬೇಸಿಗೆಯಲ್ಲಿ ಏಸಿ ಬಂದ್ ಮಾಡಿ, ಹೆಂಡತಿಯ ಮುಖ ನೋಡದೆ ಓಡಿಸುತ್ತಾರೆ. “ತೊಟ್ಟಿ ಅಷ್ಟೇ ದೊಡ್ಡದೈತೆ ಸಾರ್, ನೀರು ಹಿಡಿಯೋದು ಅರ್ಧ ಆಗೈತೆ. ಹೊಸ ಬ್ಯಾಟರಿ ಹಾಕ್ಸಾಕೆ ಹೋದ್ರೆ ಇನ್ನೊಂದು ಕಾರೇ ತರಬೋದು. ಮಾರಾಕೆ ಹೋದ್ರೆ ಯಾರೂ ತಗೊಳಲ್ಲ. ಅದು ನಂಜೊತಿಗೇ ವಯಸ್ಸಾಗ್ತಾ ಐತೆ ಬಿಡಿ,” ಎಂದು ನಗುತ್ತಾರೆ. ಇಂಥ ಬ್ಯಾಟರಿ ಬಿಚ್ಚಿದರೆ ಒಳಗೆ ಇಟ್ಟಂಗಿ ಜೋಡಿಸಿದ ಹಾಗೆ ಸಾಲು ಡಬ್ಬಿಗಳಿರುತ್ತವೆ. ಕಾರು ಎಳೆಯುವ ಶಕ್ತಿ ಅವುಗಳಿಗಿಲ್ಲ, ಮನೆಯ ಒಂದು ದೀಪ, ಒಂದು ಫ್ಯಾನು ನಡೆಸುವ ಶಕ್ತಿ ಇರುತ್ತದೆ. ಮೌನೇಶ್‌ನ ವ್ಯಾಪಾರ ನಡೆಯುವುದು ಇದರ ಮೇಲೆಯೇ. ಆದರೆ ಪ್ರತಿ ಡಬ್ಬಿಯೂ ಬೂದಿಯ ಮೇಲೆ ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆವರೆಗೆ ಕೂರಬೇಕು. ಏನೂ ಮೂಡದಿದ್ದರೆ ಮಾತ್ರ ಅದು ಯಾರದಾದರೂ ಮನೆಗೆ ಹೋಗುತ್ತದೆ. ಇದು ಪಕ್ಕೀರಮ್ಮ ಮಾಡಿದ ನಿಯಮ, ಅದನ್ನು ಅವರು ಒಂದು ಸಲ ಮುರಿದಿದ್ದಾರೆ.

ಓಬಳೇಶ ಹಗರಿಬೊಮ್ಮನಹಳ್ಳಿ ರಸ್ತೆಯ ಒಂದು ಹಳ್ಳಿಯವನು. ಮನೆಯವರ ಕೋರಿಕೆಯಂತೆ ಊರ ಹೆಸರು ಬರೆಯುತ್ತಿಲ್ಲ. ಕೈ ಬದಲಾದ ಹಳೇ ಎಲೆಕ್ಟ್ರಿಕ್ ಕಾರು ತಂದು, ಹಿಂದಿನ ಸೀಟು ಕಿತ್ತು, ಹಡಗಲಿಯಿಂದ ಮಲ್ಲಿಗೆ ಮೊಗ್ಗು ಹೇರಿಕೊಂಡು ಕೊಟ್ಟೂರಿಗೂ ಕೂಡ್ಲಿಗಿಗೂ ಹಾಕುತ್ತಿದ್ದ. ಏಸಿ ಹಾಕಿದರೆ ಮೊಗ್ಗು ಅರಳದೆ ಸಂತೆ ತಲುಪುತ್ತವೆ ಎಂಬುದು ಅವನು ಕಂಡುಕೊಂಡ ಉಪಾಯ. ಹೋದ ಬೇಸಿಗೆಯ ಒಂದು ಬೆಳಗ್ಗೆ ದಾರಿಯಲ್ಲಿ ಎದೆ ನೋವು ಬಂದಿರಬೇಕು. ಹುಣಸೆ ಮರದ ನೆರಳಿಗೆ ಕಾರು ನಿಲ್ಲಿಸಿದ್ದಾನೆ. ಅಲ್ಲೇ ಜೀವ ಹೋಗಿದೆ.

ಯಾರಿಗೂ ಗೊತ್ತಾಗಲಿಲ್ಲ. ಪೆಟ್ರೋಲು ಗಾಡಿಯಾಗಿದ್ದರೆ ಎಂಜಿನ್ನು ಗುರ್ ಎನ್ನುತ್ತಿತ್ತು, ಯಾರಾದರೂ ಬಂದು ಬಗ್ಗಿ ನೋಡುತ್ತಿದ್ದರು. ಈ ಕಾರು ಚಾಲೂ ಇದ್ದರೂ ಸದ್ದಿಲ್ಲ. ಕುರಿ ಕಾಯುವವರು, ಬೈಕಿನವರು, ಎಲ್ಲರೂ ಕಂಡಿದ್ದಾರೆ. ಕಿಟಕಿ ಮುಚ್ಚಿ ನಿದ್ದೆ ಹೋಗಿದ್ದಾನೆ ಎಂದುಕೊಂಡಿದ್ದಾರೆ. ಹೊತ್ತು ಇಳಿಯುವವರೆಗೆ ಏಸಿ ನಡೆಯುತ್ತಲೇ ಇತ್ತು. ಮನೆಯವರು ಹುಡುಕಿಕೊಂಡು ಬಂದು ಬಾಗಿಲು ತೆಗೆದಾಗ ಒಳಗೆ ತಣ್ಣಗಿತ್ತು, ಮೊಗ್ಗು ಒಂದೂ ಅರಳಿರಲಿಲ್ಲ. ಅವರ ಕಣ್ಣೆದುರೇ ಮೀಟರಿನ ದೀಪ ಆರಿತು ಎನ್ನುತ್ತಾರೆ. ನಾನು ಇದನ್ನು ಮೂರು ಜನರ ಬಾಯಲ್ಲಿ ಕೇಳಿದೆ, ಮೂವರೂ ಈ ಜಾಗಕ್ಕೆ ಬಂದಾಗ ದನಿ ತಗ್ಗಿಸಿದರು.

“ಗಾಡಿ ನಮ್ಮಲ್ಲಿಗೆ ಬಂತು. ಆತನ ಹೆಂಡ್ತಿ ಸೌಭಾಗ್ಯ ಬಂದು, ಯಕ್ಕ, ಅದರಾಗಿಂದ ಒಂದು ನನಗ ಕೊಡು, ಅವರ ಜಾಗದಾಗ ದೀಪ ಉರಿಸ್ತೀನಿ ಅಂದ್ಲು. ಅವರ ಸಂಗಾಟ ಕಡೀತನ ಇದ್ದಿದ್ದು ಅದ ಒಂದು ಅಂದ್ಲು. ತಿಥಿ ಹತ್ರ ಬಂದಿತ್ತು. ಬೂದಿ ಮ್ಯಾಲ ಇಡೋಕ ಟೈಮ್ ಇದ್ದಿದ್ದಿಲ್ಲ. ಪೂರ್ತಿ ಖಾಲಿ ಆದ ಬ್ಯಾಟರಿ ನಂಬಬಾರ್ದು ಅಂತ ಮೌನೇಶಪ್ಪ ಹೇಳಿದ್ದ, ಉಳಿದಾವು ಅದಕ್ಕ ಇನ್ನೂ ಇಲ್ಲೇ ಅದಾವು. ಆಕಿ ಮಾರಿ ನೋಡಿ ನಾ ಹೂಂ ಅಂದೆ.”

ಮೌನೇಶ್ ಸಣ್ಣ ಗಾಡಿ ತಂದಿದ್ದಾರೆ. ಹಿಂದೆ ಮರಳು ತುಂಬಿದ ಕಬ್ಬಿಣದ ತೊಟ್ಟಿ, ರಬ್ಬರ್ ಗ್ಲೌಸು, ಎರಡು ಹಲಗೆ. ಹೆಸರಿಗೆ ತಕ್ಕ ಹಾಗೆ ದಾರಿಯುದ್ದಕ್ಕೂ ಮಾತಿಲ್ಲ. ಒಂದು ಸಲ ಮಾತ್ರ, “ನಾನೂ ಹೂಂ ಅಂದಿದ್ನಲ್ಲ ಅಮ್ಮ, ನೀನೊಬ್ಬಾಕಿನ ಅಲ್ಲ,” ಎನ್ನುತ್ತಾರೆ. ಹುಣಸೆ ಮರ ಬಂದಾಗ ಮೌನೇಶ್ ವೇಗ ತಗ್ಗಿಸುತ್ತಾರೆ. ಅಲ್ಲಿ ಏನೂ ಇಲ್ಲ, ನೆರಳಿದೆ ಅಷ್ಟೇ.

ಮನೆಯ ಮುಂದೆ ಓಬಳೇಶನ ತಾಯಿ ದ್ಯಾಮಕ್ಕ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಾರೆ. ನಮ್ಮನ್ನು ನೋಡಿ, “ಬರ್ರಿ ಬರ್ರಿ, ಒಳಗ ನಡೀರಿ,” ಎನ್ನುತ್ತಾರೆ. ಮಾತಿನ ನಡುವೆ ಕೆಮ್ಮುತ್ತಾರೆ. ಮೆಣಸಿನಕಾಯಿಯ ಘಾಟು ಎಂದು ನಾನು ಅಂದುಕೊಳ್ಳುತ್ತೇನೆ. ಒಳಗೆ ಸೌಭಾಗ್ಯ ಮಗಳ ತಲೆ ಬಾಚುತ್ತಿದ್ದಾಳೆ. ಮಗುವಿನ ಕಣ್ಣು ಕೆಂಪಗಿವೆ, ಅದು ಮೇಲಿಂದ ಮೇಲೆ ಕಣ್ಣುಜ್ಜಿಕೊಳ್ಳುತ್ತದೆ.

ಪಡಸಾಲೆಯ ಮೂಲೆಯಲ್ಲಿ, ಓಬಳೇಶನ ಫೋಟೋದ ಕೆಳಗೆ, ಮರದ ಪಟ್ಟಿಗಳ ಮೇಲೆ ಆ ಡಬ್ಬಿ. ಮೇಲೆ ಒಂದು ಸಣ್ಣ ಬಲ್ಬು, ಹಗಲಲ್ಲೂ ಉರಿಯುತ್ತಿದೆ. ಚಾವಣಿಯ ಸೋಲಾರ್ ಹಲಗೆಯಿಂದ ಬಂದ ವಯರು ಅದಕ್ಕೆ ಸೇರಿದೆ. ಪಕ್ಕದಲ್ಲೇ ಮಡಿಸಿಟ್ಟ ಕೌದಿಗಳು. ಮೂವರೂ ಮಲಗುವುದು ಅಲ್ಲೇ, ಆ ಬೆಳಕಿನಲ್ಲಿ.

ಆಗ ನನ್ನ ಮೂಗಿಗೂ ಬಡಿಯುತ್ತದೆ. ಸಿಹಿ ವಾಸನೆ. ಮಾಗಿದ ಹೂವಿನದೋ, ಕಳಿತ ಹಣ್ಣಿನದೋ ಹೇಳಲಾಗದು. ಮನೆಯಲ್ಲಿ ಎಲ್ಲೂ ಹೂವಿಲ್ಲ.

“ನಿಮಗೂ ಬಂತೇನ್ರಿ ವಾಸನಿ?” ಸೌಭಾಗ್ಯಳ ಮುಖ ಅರಳುತ್ತದೆ. “ಒಂದು ವಾರ ಆತು. ಬಿಸಿಲೇರಿದಾಗ ಬರ್ತೈತಿ. ಮತ್ತ ಹೊತ್ತು ಮುಣುಗೋ ಮುಂದ ಬರ್ತೈತಿ. ಮಲ್ಲಿಗಿ ವಾಸನಿ. ಅವರು ಮನಿಗೆ ಬಂದಾಗ ಅಂಗಿಗೆಲ್ಲ ಹಿಂಗ ಇರ್ತಿತ್ತು. ನಾ ಅತ್ತಿಗೆ ಹೇಳಿದ್ರ ಮೊದಲು ನಂಬಲಿಲ್ಲ. ಈಗ ಅವರಿಗೂ ಬರಾಕತ್ತೈತಿ.”

ಪಕ್ಕೀರಮ್ಮ ನನ್ನ ಕಡೆ ನೋಡುವುದಿಲ್ಲ. ಆ ಸಿಹಿ ಏನು ಎಂದು ಅವರು ಬೆಳಗ್ಗೆಯಷ್ಟೇ ನನಗೆ ಹೇಳಿದ್ದರು. ಹೊಟ್ಟೆ ಉಬ್ಬಿದ ಬ್ಯಾಟರಿ ಬಾಯಿ ಬಿಡುವ ಮೊದಲು ಹೊರಗೆ ಬಿಡುವ ಉಸಿರು ಅದು. ಮೊದಲು ಸಿಹಿ, ಆಮೇಲೆ ಕಣ್ಣುರಿ, ಗಂಟಲ ಕೆರೆತ, ಆಮೇಲೆ ಬೆಂಕಿ. ಈ ಮನೆ ಎರಡನೇ ಮೆಟ್ಟಿಲಿಗೆ ಬಂದು ನಿಂತಿದೆ. ನನಗೆ ಮಗುವನ್ನು ಎತ್ತಿಕೊಂಡು ಹೊರಗೆ ಓಡಬೇಕೆನ್ನಿಸುತ್ತದೆ. ಪಕ್ಕೀರಮ್ಮನೇ ಮಗುವಿನ ಬೆನ್ನು ಸವರಿ, “ಹೋಗವ್ವ, ಅಜ್ಜಿ ಸಂಗಾಟ ಹೊರಗ ಆಡು, ಅಜ್ಜಿನ್ನ ಕರಕೊಂಡು ಓಣಿ ತುದಿ ತನಕ ಹೋಗು,” ಎನ್ನುತ್ತಾರೆ. ಮಗು ಹೋಗುತ್ತದೆ. ಮೌನೇಶ್ ಕಿಟಕಿ ತೆಗೆದು, ಸೋಲಾರ್ ವಯರು ಕಳಚಿ, ಕೈಗೆ ಗ್ಲೌಸು ಹಾಕಿಕೊಂಡು ಕಾಯುತ್ತಾರೆ.

“ತಂಗಿ, ಇದನ್ನ ಒಯ್ಯಾಕ ಬಂದೀವಿ,” ಎನ್ನುತ್ತಾರೆ ಪಕ್ಕೀರಮ್ಮ. “ಇದರ ಜೋಡಿದು ಉಬ್ಬೈತಿ. ಇದೂ ಉಬ್ಬೈತಿ. ಆ ವಾಸನಿ ಓಬಳೇಶಂದಲ್ಲ, ಇದರದು.”

ಸೌಭಾಗ್ಯ ಎದ್ದು ಡಬ್ಬಿಗೆ ಅಡ್ಡ ನಿಲ್ಲುತ್ತಾಳೆ. ಕೂಗುವುದಿಲ್ಲ, ಅಳುವುದಿಲ್ಲ. “ನೀ ಸುಳ್ಳು ಹೇಳ್ತಿ ಯಕ್ಕ. ಒಯ್ಯಬೇಕು ಅಂತ ಹೇಳ್ತಿ. ಮಲ್ಲಿಗಿ ವಾಸನಿ ನನಗ ಗೊತ್ತಿಲ್ಲೇನು?”

ಮಾತು ಬೆಳೆಯುತ್ತದೆ. ಬೇರೆ ಡಬ್ಬಿ ತಂದುಕೊಡುತ್ತೇವೆ ಎನ್ನುತ್ತಾರೆ ಮೌನೇಶ್. ಬೇರೆಯದು ಬೇಡ ಎನ್ನುತ್ತಾಳೆ ಅವಳು. ಬೆಂಕಿ ಎಂಬ ಮಾತಿಗೂ ಅವಳು ಜಗ್ಗುವುದಿಲ್ಲ, “ಅವರು ನಮಗ ಬೆಂಕಿ ಹಚ್ಚತಾರೇನು?” ಎನ್ನುತ್ತಾಳೆ. ಅಷ್ಟರಲ್ಲಿ ಡಬ್ಬಿಯ ಒಳಗಿನಿಂದ ಒಂದು ಸಣ್ಣ ‘ಟಣ್’. ಈಗ ಮುಂಜಾನೆಯ ತಂಪಿಲ್ಲ.

ಪಕ್ಕೀರಮ್ಮ ತಗ್ಗಿದ ದನಿಯಲ್ಲಿ ಕೇಳುತ್ತಾರೆ: “ಮೂರನೇ ದಿನ ಬೂದಿ ಹಾಕಿದ್ರೇನು?”

“ಹಾಕಿದ್ವಿ,” ಎನ್ನುತ್ತಾಳೆ ಸೌಭಾಗ್ಯ. “ಏನೂ ಮೂಡಲಿಲ್ಲ. ಒಂದು ಇರುವಿ ಕಾಲು ಸೈತ ಇದ್ದಿದ್ದಿಲ್ಲ. ದಾರ್ಯಾಗ ಹೋದ್ರು, ಮನಿಗೂ ಬರಲಿಲ್ಲ. ಎಲ್ಲರೂ ಸಾರಿಸಿಬಿಡು ಅಂದ್ರು. ನಾ ಸಾರಿಸಲಿಲ್ಲ. ನಾಳಿ ಮೂಡಿದ್ರೂ ಮೂಡೀತು ಅಂತ ಹಂಗ ಬಿಟ್ಟೆ. ಯಾರೂ ತುಳಿಬಾರ್ದು ಅಂತ ಅದರ ಮ್ಯಾಲ ಇದನ್ನ ಇಟ್ಟೀನಿ.”

ಆ ಬೂದಿ ಇನ್ನೂ ಡಬ್ಬಿಯ ಕೆಳಗಿದೆ. ಇಷ್ಟು ದಿನವೂ ಅವಳು ಅದಕ್ಕಾಗಿ ಕಾದಿದ್ದಾಳೆ.

“ಎತ್ತಿ ನೋಡೋಣೇನು?” ಎನ್ನುತ್ತಾರೆ ಪಕ್ಕೀರಮ್ಮ.

ಸೌಭಾಗ್ಯ ಪಕ್ಕಕ್ಕೆ ಸರಿಯುತ್ತಾಳೆ. ಮೌನೇಶ್ ಬಲ್ಬಿನ ವಯರು ಬಿಚ್ಚಿದಾಗ ಬೆಳಕು ಆರುತ್ತದೆ, ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ. ಮೌನೇಶ್ ಒಂದು ತುದಿ, ನಾನೂ ಗ್ಲೌಸು ಹಾಕಿಕೊಂಡು ಇನ್ನೊಂದು ತುದಿ ಹಿಡಿದು ಡಬ್ಬಿಯನ್ನು ನೇರವಾಗಿ ಮೇಲಕ್ಕೆತ್ತಿ ಹಲಗೆಯ ಮೇಲೆ ಇಡುತ್ತೇವೆ. ಗ್ಲೌಸಿನ ಮೂಲಕವೂ ಅದರ ಬಿಸಿ ಕೈಗೆ ತಿಳಿಯುತ್ತದೆ, ಜ್ವರ ಬಂದ ಮೈಯಷ್ಟು ಬಿಸಿ.

ಬೂದಿಯಲ್ಲಿ ಗುರುತಿದೆ. ಎರಡು ಗುಂಡು ತಗ್ಗು, ಪಕ್ಕಪಕ್ಕದಲ್ಲಿ.

ಸೌಭಾಗ್ಯ ಕುಕ್ಕರಗಾಲಲ್ಲಿ ಕೂರುತ್ತಾಳೆ. ಬೆರಳು ಚಾಚುತ್ತಾಳೆ, ಮುಟ್ಟುವುದಿಲ್ಲ. “ಮಂಡಿ ಊರಿದಂಗ ಐತಿ,” ಎನ್ನುತ್ತಾಳೆ. ಆಮೇಲೆ ಮುಖ ಎತ್ತಿ, “ಯಕ್ಕ, ನೀ ಓದಾಕಿ. ಓದಿ ಹೇಳು. ಯಾರಿದು?”

ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ದ್ಯಾಮಕ್ಕನೂ ಬಾಗಿಲಲ್ಲಿ ಬಂದು ನಿಂತಿದ್ದಾರೆ. ಒಂದೇ ಒಂದು ಸುಳ್ಳು ಸಾಕಿತ್ತು. ಬಂದಿದ್ದ, ಮಂಡಿಯೂರಿ ಕೂತಿದ್ದ, ನಿನಗೆ ಹೇಳಿ ಹೋದ, ಇನ್ನು ಇದನ್ನು ಕಳಿಸಿಕೊಡು ಎಂದರೆ ಮುಗಿದೇ ಹೋಗುತ್ತಿತ್ತು. ಆ ಹೊತ್ತಿಗೆ ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಪಕ್ಕೀರಮ್ಮ ಬೂದಿಯನ್ನೇ ನೋಡುತ್ತ ಹೇಳುತ್ತಾರೆ:

“ಇದು ಓಬಳೇಶ ಅಲ್ಲ ತಂಗಿ. ಬ್ಯಾಟರಿ ಹೊಟ್ಟಿ ಉಬ್ಬಿ ನೆಲ ಮುಟ್ಟಿದ್ದು. ನೋಡದ ಕೊಡಬಾರ್ದಿತ್ತು, ನಾ ಕೊಟ್ಟೆ. ಇದು ನನ್ನ ಹೆಜ್ಜಿ.”

ಮೌನೇಶ್ ಕಣ್ಣಲ್ಲೇ ಸನ್ನೆ ಮಾಡುತ್ತಾರೆ, ಇಬ್ಬರೂ ಹಲಗೆ ಎತ್ತುತ್ತೇವೆ. ಹೊಸ್ತಿಲು ದಾಟುವಾಗ ಅವಳ ದನಿ ಬೆನ್ನಿಗೆ ಬರುತ್ತದೆ: “ಹಂಗಾದ್ರ ಅವರು ಏನೂ ಬಿಡದ ಹೋದ್ರೇನು?”

“ಭಾರ ಇದ್ದೋರದ್ದ ಬೂದ್ಯಾಗ ಮೂಡೋದು,” ಎನ್ನುತ್ತಾರೆ ಪಕ್ಕೀರಮ್ಮ. “ನಮ್ಮತ್ತಿ ಹಂಗ ಹೇಳ್ತಿದ್ಲು. ಏನೂ ಮೂಡಲಿಲ್ಲ ಅಂದ್ರ ಮನಸಿನ್ಯಾಗ ಏನೂ ಇಟ್ಕೊಳ್ದ ಹಗುರಾಗಿ ಹೋಗ್ಯಾನ ಅಂತ. ಇದು ನಿನಗ ಸಮಾಧಾನಕ್ಕ ಹೇಳೋ ಮಾತಲ್ಲ. ಸಮಾಧಾನಕ್ಕ ಹೇಳೋದಿದ್ರ ಆಗಲೇ ಹೇಳ್ತಿದ್ದೆ.”

ಡಬ್ಬಿಯನ್ನು ತೊಟ್ಟಿಗೆ ಇಳಿಸಿ ಮರಳು ಮುಚ್ಚುತ್ತೇವೆ. ಊರು ದಾಟಿ ಬಯಲಿಗೆ ಬಂದಾಗ ಹಿಂದಿನಿಂದ ಸೀಟಿ ಹೊಡೆದಂಥ ಸದ್ದು ಬರುತ್ತದೆ. ಮೌನೇಶ್ ಗಾಡಿ ನಿಲ್ಲಿಸಿ, “ಇಳೀರಿ, ದೂರ ಹೋಗ್ರಿ,” ಎನ್ನುತ್ತಾರೆ. ಹೊಲದ ಬದುವಿನ ಮೇಲೆ ನಿಂತು ನೋಡುತ್ತೇವೆ. ಮರಳಿನ ನಡುವಿಂದ ಬಿಳೀ ಹೊಗೆ ಎದ್ದು, ಬಗ್ಗಿ, ಬಂದ ದಾರಿಯ ಕಡೆ ಹೊರಳುತ್ತದೆ. ಬೆಂಕಿ ಒಂದು ಸಲ ನಾಲಗೆ ಚಾಚಿ ಮರಳಿನಡಿಗೆ ಹೋಗುತ್ತದೆ. ಗಾಳಿಯೆಲ್ಲ ಸಿಹಿ, ಕಣ್ಣೆಲ್ಲ ಉರಿ. ಪಕ್ಕೀರಮ್ಮ ಸೆರಗಿನಿಂದ ಮೂಗು ಮುಚ್ಚಿ, ಆ ಹೊಗೆ ಪೂರ್ತಿ ಕರಗುವವರೆಗೆ ನಿಂತೇ ಇರುತ್ತಾರೆ. ಅವರು ಅಳುತ್ತಿದ್ದರೋ, ಹೊಗೆಗೆ ಕಣ್ಣೀರು ಬಂದಿತ್ತೋ, ಕೇಳಲು ನನಗೆ ಧೈರ್ಯ ಬರಲಿಲ್ಲ.

ಮಾರನೇ ದಿನ ಬೆಳಗ್ಗೆ ಮತ್ತೆ ಮಿಲ್ಲಿನ ಮುಂದೆ ಇದ್ದೇನೆ. ಕದ ಬಡಿಯುವುದು, ಕಿವಿಗೊಡುವುದು, ಹೊಸ್ತಿಲಲ್ಲಿ ನಿಲ್ಲುವುದು, ಬೆಳಕು ಬಂದ ಮೇಲೆ ಬಗ್ಗುವುದು. ಓಬಳೇಶನ ಗಾಡಿಯ ಉಳಿದ ಡಬ್ಬಿಗಳನ್ನೆಲ್ಲ ನಿನ್ನೆ ಸಂಜೆಯೇ ಮರಳುಗುಂಡಿಗೆ ಸಾಗಿಸಿದ್ದಾರೆ. ಅವು ಇದ್ದ ಕಡೆಯೂ ಯಾಕೋ ಬೂದಿ ಹಾಕಿದ್ದಾರೆ, ಮೇಲೆ ಏನೂ ಇಲ್ಲದ ಬರೀ ಬೂದಿ. ಅದರ ಮುಂದೆಯೂ ಬಗ್ಗಿ ನೋಡುತ್ತಾರೆ. ಎಲ್ಲ ಸಾಲೂ ಸ್ವಚ್ಛವಾಗಿದೆ.

ಇಂಥ ಲೇಖನದ ಕೊನೆಗೆ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳುತ್ತೇನೆ: ನಿಮ್ಮ ಆಸೆ ಏನಮ್ಮ?

“ನನಗೇನು ಆಸಿ ಸರ. ನಾ ಹೋದ ಮ್ಯಾಲ ನಮ್ಮ ಮನ್ಯಾಗೂ ಬೂದಿ ಹಾಕ್ತಾರಲ್ಲ, ಅದರ ಮ್ಯಾಲ ಏನೂ ಮೂಡಬಾರ್ದು. ಅಷ್ಟ.”

ಅಷ್ಟರಲ್ಲಿ ಅವರ ಸೊಂಟದ ಚೀಲದಲ್ಲಿದ್ದ ಫೋನು ಬಡಿದುಕೊಳ್ಳುತ್ತದೆ. ಫೋನು ತೆಗೆಯಲು ಅವರು ಬೇವಿನ ಮರದವರೆಗೆ ನಡೆದು ಹೋಗುತ್ತಾರೆ, ಶೆಡ್ಡಿನ ಹತ್ತಿರ ಮಾತಾಡುವುದಿಲ್ಲ. ಆ ಕಡೆ ಸೌಭಾಗ್ಯ. ಹಿಂದೆಯೇ ಬಂದ ನನಗೂ ದನಿ ಕೇಳಿಸುತ್ತದೆ. ಮೂಲೆ ಸಾರಿಸಿದ್ದಾಳೆ. ರಾತ್ರಿಯೆಲ್ಲ ಕಿಟಕಿ ತೆಗೆದೇ ಮಲಗಿದ್ದರಂತೆ, ಮಗುವಿನ ಕಣ್ಣು ತಿಳಿಯಾಗಿವೆಯಂತೆ. ಆದರೆ ಈಗ, ಎದ್ದು ಬಾಗಿಲಿಗೆ ನೀರು ಹಾಕುವಾಗ, ಮತ್ತೆ ಅದೇ ವಾಸನೆ ಬಂತಂತೆ. ಅದೇ ಮೂಲೆಯಿಂದ.

ಪಕ್ಕೀರಮ್ಮ ಸೆಟೆದು ನಿಲ್ಲುತ್ತಾರೆ. “ಕಣ್ಣು ಉರಿತೈತೇನು?”

ಇಲ್ಲ ಎನ್ನುತ್ತದೆ ಆ ಕಡೆಯ ದನಿ.

“ಗಂಟಲು ಕೆರಿತೈತೇನು? ಅತ್ತಿಗೆ ಕೆಮ್ಮು ಬಂತೇನು?”

ಇಲ್ಲ.

“ಮೂಲ್ಯಾಗ ಕೈ ಇಟ್ಟು ನೋಡು. ನೆಲ ಬಿಸಿ ಐತೇನು?”

ಆ ಕಡೆ ಹೆಜ್ಜೆ ಸರಿದ ಸದ್ದು. ಆಮೇಲೆ, ತಣ್ಣಗೈತಿ ಯಕ್ಕ, ಏಸಿ ಹಾಕಿದಂಗ ತಣ್ಣಗೈತಿ ಎಂಬ ಮಾತು.

ಪಕ್ಕೀರಮ್ಮ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಶೆಡ್ಡಿನ ತೆರೆದ ಬಾಗಿಲ ಕಡೆ, ಏನೂ ಮೂಡದ ಬೂದಿಯ ಸಾಲುಗಳ ಕಡೆ ನೋಡುತ್ತಾರೆ. ಮತ್ತೆ ಕಿವಿಗೆ ಹಚ್ಚಿಕೊಳ್ಳುತ್ತಾರೆ.

“ಹಂಗಾದ್ರ ಅದು ನನ್ನ ಬ್ಯಾಟರಿದಲ್ಲ ತಂಗಿ,” ಎನ್ನುತ್ತಾರೆ. “ಇರ್ಲಿ ಬಿಡು.”